ಓದುಗರ ಪ್ರಶ್ನೆ, ನಮ್ಮ ಉತ್ತರ: ನ್ಯೂ ಆರ್ಲಿಯನ್ಸ್‌ನ ದೆವ್ವದ ಮನೆಗಳು

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ರಾತ್ರಿ ಹೊತ್ತು ಪ್ರವಾಸಿಗರನ್ನು ಭೂತಬಂಗಲೆಗಳ ಮುಂದೆ ನಿಲ್ಲಿಸಿ ಕಥೆ ಹೇಳುವ ಒಂದು ವಿಡಿಯೊ ನಮ್ಮ ಬೀದರ್, ಕಲಬುರಗಿ, ಯಾದಗಿರಿಯ ಬಹಳ ಮೊಬೈಲುಗಳಲ್ಲಿ ಹರಿದಾಡಿದೆ ಎಂದು ಈ ಸಲ ಬಂದ ಪತ್ರಗಳಿಂದ ತಿಳಿಯಿತು. ಆದ್ದರಿಂದ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಒಂದು ವಿಷಯದ ಪತ್ರಗಳಿಗೆ ಮಾತ್ರ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ (ಬೀದರಿನ ಪದವಿ ವಿದ್ಯಾರ್ಥಿನಿ): ಅಕ್ಕನವರಿಗೆ ಶರಣು. ನಮ್ಮ ದೊಡ್ಡಪ್ಪನ ಮಗ ಅಮೆರಿಕದಲ್ಲಿ ಕೆಲಸದಲ್ಲಿದ್ದಾನೆ. ನ್ಯೂ ಆರ್ಲಿಯನ್ಸ್‌ನ ರಾಯಲ್ ಸ್ಟ್ರೀಟಿನಲ್ಲಿರುವ ಒಂದು ದೊಡ್ಡ ಮನೆಯ ಮುಂದೆ ನಿಂತು ಅವನು ವಿಡಿಯೊ ಕಳಿಸಿದ್ದಾನೆ. ಅಲ್ಲಿ ಹಿಂಸೆಗೆ ಸತ್ತ ಗುಲಾಮರ ಕೂಗು ಈಗಲೂ ರಾತ್ರಿ ಕೇಳಿಸುತ್ತದೆಯಂತೆ. ಇದು ನಿಜವೇ?

ಉತ್ತರ: ಶರಣು, ತಂಗಿ. ನಿಮ್ಮ ಅಣ್ಣ ನಿಂತಿದ್ದು ರಾಯಲ್ ಸ್ಟ್ರೀಟಿನ 1140ನೇ ನಂಬರಿನ ಮನೆಯ ಮುಂದೆ. ಕೂಗು ಈಗ ಕೇಳಿಸುತ್ತದೆಯೇ ಎಂಬುದಕ್ಕಿಂತ ಮೊದಲು, ಅಲ್ಲಿ ಕೂಗಿದವರು ನಿಜವಾಗಿಯೂ ಇದ್ದರು ಎಂಬುದನ್ನು ಹೇಳಬೇಕು.

1834ರ ಏಪ್ರಿಲ್ 10ರಂದು ಆ ಜಾಗದಲ್ಲಿದ್ದ ಮನೆಯ ಅಡುಗೆಕೋಣೆಗೆ ಬೆಂಕಿ ಬಿತ್ತು. ಮನೆಯೊಡತಿ ಡೆಲ್ಫಿನ್ ಲಾಲೋರಿ ಊರಿನ ಸಿರಿವಂತ ಮನೆತನದ ಹೆಣ್ಣು. ಅವಳ ಮೂರನೆಯ ಗಂಡ ವೈದ್ಯ. ಬೆಂಕಿ ಆರಿಸಲು ಓಡಿಬಂದ ನೆರೆಯವರು ಗುಲಾಮರನ್ನು ಇಟ್ಟಿದ್ದ ಭಾಗದ ಕೀಲಿಕೈ ಕೇಳಿದಾಗ ಮನೆಯವರು ಕೊಡಲಿಲ್ಲ, ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ಗದರಿಸಿದರು. ಜನ ಬಾಗಿಲು ಒಡೆದರು. ಮೈತುಂಬ ಗಾಯವಾಗಿದ್ದ, ಸರಪಳಿ ಬಿಗಿದಿದ್ದ ಏಳು ಮಂದಿಯನ್ನು ಹೊರಗೆ ತಂದರೆಂದು ಅಲ್ಲಿನ ಪತ್ರಿಕೆ ಮರುದಿನ ಬರೆಯಿತು. ಕಾಲಿಗೆ ಸರಪಳಿ ಹಾಕಿ ಒಲೆಯ ಬಳಿಯೇ ಕಟ್ಟಿಹಾಕಿದ್ದ ಮುದುಕಿಯೊಬ್ಬಳು, ಮುಂದೆ ಬರಲಿದ್ದ ಶಿಕ್ಷೆಗಿಂತ ಸಾವೇ ಲೇಸೆಂದು ತಾನೇ ಬೆಂಕಿ ಇಟ್ಟೆ ಎಂದು ಹೇಳಿದಳೆಂಬ ಮಾತೂ ಆ ಕಾಲದಿಂದಲೇ ಬಂದಿದೆ. ಈ ಒಂದು ಸಂಗತಿಯ ಮುಂದೆ ನಾನು ಪ್ರತಿ ಸಲ ನಿಲ್ಲುತ್ತೇನೆ. ದಿನವಿಡೀ ಒಲೆ ಉರಿಸಿ ಆ ಮನೆಯವರಿಗೆಲ್ಲ ಉಣ್ಣಿಸುತ್ತಿದ್ದ ಕೈಗೆ ಸಿಕ್ಕಿದ್ದು ಅದೇ ಒಲೆಯ ಬೆಂಕಿ, ಅದನ್ನು ಬಿಟ್ಟರೆ ಬಿಡುಗಡೆಯ ಬೇರೆ ದಾರಿ ಅವಳಿಗೆ ಇರಲಿಲ್ಲ.

ಮುಂದೆ ನಡೆದದ್ದನ್ನೂ ಕೇಳಿ. ಹೊರಗೆ ತಂದ ಆ ಜನರನ್ನು ಊರಿನ ಸೆರೆಮನೆಯಲ್ಲಿ ಇರಿಸಿದರು, ಅಲ್ಲಿಗೆ ಎರಡು ದಿನಗಳಲ್ಲಿ ಸುಮಾರು 4,000 ಜನ ಹೋಗಿ ಅವರನ್ನು ನೋಡಿ ಬಂದರೆಂದು ಪತ್ರಿಕೆ ಬರೆಯಿತು. ಇತ್ತ ರೊಚ್ಚಿಗೆದ್ದ ಜನ ಮನೆಯನ್ನು ಒಡೆದು, ಸಾಮಾನು ಬೀದಿಗೆಸೆದು ಹಾಳುಮಾಡಿದರು. ಡೆಲ್ಫಿನ್ ಕುದುರೆಗಾಡಿ ಹತ್ತಿ ತಪ್ಪಿಸಿಕೊಂಡು, ಹಡಗು ಹಿಡಿದು ಫ್ರಾನ್ಸ್ ಸೇರಿದಳು. ಅವಳ ಮೇಲೆ ವಿಚಾರಣೆ ನಡೆಯಲೇ ಇಲ್ಲ. ಅವಳು ತೀರಿಕೊಂಡದ್ದು ಪ್ಯಾರಿಸ್ ನಗರದಲ್ಲಿ.

ಕೆಲಕಾಲದ ನಂತರ ಆ ಊರಿಗೆ ಬಂದಿದ್ದ ಇಂಗ್ಲಿಷ್ ಲೇಖಕಿ ಹ್ಯಾರಿಯೆಟ್ ಮಾರ್ಟಿನೋ ಜನರ ಬಾಯಿಂದ ಕೇಳಿದ್ದನ್ನು ಬರೆದಿಟ್ಟಿದ್ದಾರೆ. ಚಾವಟಿ ಹಿಡಿದು ಬೆನ್ನಟ್ಟಿದ ಒಡತಿಯಿಂದ ತಪ್ಪಿಸಿಕೊಳ್ಳಲು ಒಬ್ಬ ಚಿಕ್ಕ ಹುಡುಗಿ ಮಾಳಿಗೆ ಏರಿ ಅಂಗಳಕ್ಕೆ ಬಿದ್ದು ಸತ್ತದ್ದನ್ನು ನೆರೆಮನೆಯ ಹೆಂಗಸು ಕಂಡಿದ್ದಳು ಎಂಬುದು ಅವರ ಬರಹದಲ್ಲಿದೆ. ಈಗಿನ ಕಥೆಗಾರರು ಆ ಹುಡುಗಿಗೆ ಲಿಯಾ ಎಂದು ಹೆಸರಿಟ್ಟು, ಮಾಳಿಗೆಯ ಮೇಲೆ ಅವಳ ನೆರಳು ಓಡಾಡುತ್ತದೆ ಎನ್ನುತ್ತಾರೆ. ಮಾರ್ಟಿನೋ ಬರಹದಲ್ಲಿ ಆ ಮಗುವಿಗೆ ಹೆಸರಿಲ್ಲ.

ಇನ್ನು ಕಟ್ಟಡದ ಮಾತು. ನಿಮ್ಮ ಅಣ್ಣ ನೋಡಿದ ಮನೆ ಆ ಮನೆಯಲ್ಲ. 1834ರಲ್ಲಿ ಉರಿದು, ಜನರ ಕೈಯಲ್ಲಿ ಪಾಳುಬಿದ್ದದ್ದನ್ನು ಕೆಲವು ವರ್ಷಗಳ ನಂತರ ಬೇರೊಬ್ಬರು ಹೆಚ್ಚುಕಡಿಮೆ ಹೊಸದಾಗಿಯೇ ಕಟ್ಟಿಸಿದರು. ಹೊಟ್ಟೆ ಬಗೆದರು, ಮೂಳೆ ಮುರಿದು ವಿಕಾರವಾಗಿ ಜೋಡಿಸಿದರು ಎಂಬ ಭೀಕರ ವಿವರಗಳು 1834ರ ಪತ್ರಿಕೆಗಳಲ್ಲಿ ಇಲ್ಲ. ಅವು 20ನೇ ಶತಮಾನದ ಕಥೆಗಾರರು ಸೇರಿಸಿದವು. ನನಗೆ ಇದು ಬಹಳ ನೋವಿನ ಸಂಗತಿ. ಹಸಿವು, ಸರಪಳಿ, ಚಾವಟಿ ಇವು ಕೇಳುಗರನ್ನು ನಡುಗಿಸಲು ಸಾಲದೆಂದು ಯಾರೋ ಎಣಿಸಿದಂತಾಯಿತು. ಅಷ್ಟೇ ಅಲ್ಲ, ಕ್ರೌರ್ಯವನ್ನು ಹಿಗ್ಗಿಸಿದಷ್ಟೂ ಅದು ಒಬ್ಬ ರಾಕ್ಷಸಿಯ ಹುಚ್ಚಾಗಿ ಕಾಣುತ್ತದೆ. ಆ ಊರಿನ ಉಳಿದ ಮನೆಗಳಲ್ಲೂ ಮನುಷ್ಯರನ್ನು ಕೊಂಡುತಂದು ಇಟ್ಟುಕೊಂಡಿದ್ದರು, ಹೊಡೆಯುವ ಹಕ್ಕನ್ನು ಕಾನೂನೇ ಒಡೆಯರಿಗೆ ಕೊಟ್ಟಿತ್ತು ಎಂಬುದು ಮರೆಯಾಗುತ್ತದೆ. ಅದೇ ಕಟ್ಟಡ ಮುಂದೆ ಹೆಣ್ಣುಮಕ್ಕಳ ಶಾಲೆಯಾಗಿ, ಕಪ್ಪು ಬಿಳಿ ಎನ್ನದೆ ಎಲ್ಲರೂ ಒಟ್ಟಿಗೆ ಓದುತ್ತಿದ್ದಾಗ, 1874ರಲ್ಲಿ ಬಿಳಿಯರ ಒಂದು ದಳ ಒಳನುಗ್ಗಿ ಕಪ್ಪು ಹುಡುಗಿಯರನ್ನು ಹೊರಹಾಕಿತು. ಆ ಮನೆಯ ಕಥೆ ಹೇಳುವುದಾದರೆ ಇದನ್ನೂ ಹೇಳಬೇಕು.

ಪ್ರಶ್ನೆ (ಕಲಬುರಗಿಯ ನಿವೃತ್ತ ಶಿಕ್ಷಕರು): ಆ ಊರಿನಲ್ಲಿ ಒಬ್ಬ ಸುಲ್ತಾನನ ದೆವ್ವವೂ ಇದೆಯೆಂದು ಕೇಳಿದೆ. ನಾವು ಬಹಮನಿ ಸುಲ್ತಾನರ ಮೊದಲ ರಾಜಧಾನಿಯವರು. ಅಮೆರಿಕಕ್ಕೆ ಸುಲ್ತಾನ ಹೋದದ್ದು ಯಾವಾಗ ಎಂಬ ಕುತೂಹಲ ಹುಟ್ಟಿದೆ.

ಉತ್ತರ: ಗುರುಗಳೇ, ಹೋಗಲೇ ಇಲ್ಲ. ಡಾಫಿನ್ ಸ್ಟ್ರೀಟಿನ 716ನೇ ನಂಬರಿನ ಆ ಮನೆಯನ್ನು 1836ರಲ್ಲಿ ಕಟ್ಟಿಸಿದವರು ಒಬ್ಬ ದಂತವೈದ್ಯರು. ಮೂರು ವರ್ಷದ ನಂತರ ಕೊಂಡವರು ಲಪ್ರೆತ್ರ್ ಎಂಬ ಜಮೀನುದಾರರು. ಕಥೆ ಹೀಗಿದೆ: ತುರ್ಕಿ ಸುಲ್ತಾನನ ತಮ್ಮನೊಬ್ಬ ತನ್ನ ಜನಾನಾ, ಕಾವಲುಗಾರರು, ಬಂಗಾರದ ಪೆಟ್ಟಿಗೆಗಳೊಂದಿಗೆ ಬಂದು ಈ ಮನೆಯನ್ನು ಬಾಡಿಗೆಗೆ ಹಿಡಿದನಂತೆ. ಒಂದು ಬೆಳಿಗ್ಗೆ ಬಾಗಿಲ ಕೆಳಗಿನಿಂದ ರಕ್ತ ಹರಿದು ಬಂತಂತೆ. ಒಳಗೆ ಎಲ್ಲರೂ ಕೊಲೆಯಾಗಿದ್ದರು, ಅವನನ್ನು ಅಂಗಳದಲ್ಲಿ ಜೀವಂತ ಹೂಳಿದ್ದರು ಎನ್ನುತ್ತಾರೆ. ಅಷ್ಟು ದೊಡ್ಡ ಕಗ್ಗೊಲೆ ನಡೆದಿದ್ದರೆ ದಿನಪತ್ರಿಕೆಗಳು ತುಂಬಿಹೋಗಬೇಕಿತ್ತು. ಆ ಕಾಲದ ಪತ್ರಿಕೆಗಳಲ್ಲಿ ಇಂಥದೊಂದು ಸುದ್ದಿಯ ಸುಳಿವೂ ಇಲ್ಲ.

ಹಾಗಾದರೆ ಈ ಕಥೆ ಏಕೆ ಹುಟ್ಟಿತು? ನನ್ನ ತಿಳಿವಳಿಕೆ ಇದು. ಜನಾನಾ, ಕತ್ತಿ, ಬಂಗಾರ, ದೂರದೇಶದ ಅರಸುಮನೆಯ ಒಳಜಗಳ ಇವೆಲ್ಲ ಸೇರಿದರೆ ರಕ್ತ ಹರಿದರೂ ಅದು ಕೇಳುವವರ ಮನೆಯ ರಕ್ತವಾಗುವುದಿಲ್ಲ. ಕೊಂದವನೂ ಪರದೇಶಿ, ಸತ್ತವನೂ ಪರದೇಶಿ. ಊರಿನವರು ಬರೀ ಸಾಕ್ಷಿಗಳು. ಅಲ್ಲಿಂದ ಕೆಲವೇ ಬೀದಿಗಳಾಚೆ, ಸೇಂಟ್ ಲೂಯಿ ಎಂಬ ಭವ್ಯ ಹೋಟೆಲಿನ ಗುಮ್ಮಟದ ಕೆಳಗೆ, ಊರಿನವರೇ ಹಾಡಹಗಲು ಮನುಷ್ಯರನ್ನು ಹರಾಜು ಹಾಕುತ್ತಿದ್ದರು. ಅಂತರ್ಯುದ್ಧಕ್ಕೆ ಮೊದಲು ಇಡೀ ಅಮೆರಿಕದಲ್ಲೇ ದೊಡ್ಡ ಗುಲಾಮ ಮಾರುಕಟ್ಟೆ ಈ ನ್ಯೂ ಆರ್ಲಿಯನ್ಸ್. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಇಲ್ಲಿ ಮಾರಾಟವಾದರು. ಆ ಗುಮ್ಮಟದ ಕೆಳಗೆ ಒಂದು ಕಟ್ಟೆಯ ಮೇಲೆ ಚಿತ್ರಪಟಗಳು, ಇನ್ನೊಂದರ ಮುಂದೆ ಹೊಲಮನೆ, ಮತ್ತೊಂದರ ಮೇಲೆ ಮಕ್ಕಳನ್ನೆತ್ತಿಕೊಂಡ ತಾಯಂದಿರು. ಕೂಗು ಫ್ರೆಂಚ್ ಮತ್ತು ಇಂಗ್ಲಿಷ್ ಎರಡರಲ್ಲೂ ನಡೆಯುತ್ತಿತ್ತು. ನೀವು ನಮ್ಮ ಗಂಜ್‌ನಲ್ಲಿ ತೊಗರಿಯ ರಾಶಿಯ ಮುಂದೆ ಲಿಲಾವಿನ ದರ ಏರುತ್ತ ಹೋಗುವುದನ್ನು ಕೇಳಿರುತ್ತೀರಿ. ಹಿಡಿ ಕಾಳು ಅಂಗೈಗೆ ಹಾಕಿಕೊಂಡು, ಊದಿ, ಹಲ್ಲಿಗೆ ಕಚ್ಚಿ ನೋಡಿ ದರ ಹೇಳುತ್ತಾರೆ. ಅಲ್ಲಿ ಹಾಗೆಯೇ ಮನುಷ್ಯರ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು, ಬೆನ್ನ ಮೇಲೆ ಚಾವಟಿಯ ಬಾಸುಂಡೆ ಎಷ್ಟಿವೆ ಎಂದು ಅಂಗಿ ಬಿಚ್ಚಿಸಿ ನೋಡುತ್ತಿದ್ದರು.

ಆ ಹೋಟೆಲನ್ನು 20ನೇ ಶತಮಾನದ ಆರಂಭದಲ್ಲಿ ಕೆಡವಿದರು. ಈಗ ಅದೇ ಜಾಗದಲ್ಲಿ ಮತ್ತೊಂದು ದೊಡ್ಡ ಹೋಟೆಲಿದೆ. ಚಾರ್ಟ್ರೆಸ್ ಸ್ಟ್ರೀಟಿನ ಕಡೆಯ ಗೋಡೆಯಲ್ಲಿ ಹಳೆಯ ಕಟ್ಟಡದ ಕಮಾನಿನ ಒಂದು ತುಂಡು ಉಳಿದಿದೆ. ಅದರ ಮೇಲೆ ಹಿಂದೆ ಬರೆದಿದ್ದ ‘ಎಕ್ಸ್‌ಚೇಂಜ್’ ಎಂಬ ಪದದ ಮೊದಲ ಅಕ್ಷರಗಳು ಹೋಗಿ ‘ಚೇಂಜ್’ ಎಂಬಷ್ಟು ಮಾತ್ರ ಮಾಸಲಾಗಿ ಓದಿಸುತ್ತದೆ. ಯಾವ ಕೊಲೆಯೂ ನಡೆಯದ ಸುಲ್ತಾನನ ಮನೆ ದೆವ್ವದ ಮನೆಯೆಂದು ಲೋಕಪ್ರಸಿದ್ಧವಾಯಿತು. ತಾಯಿ ಮಕ್ಕಳನ್ನು ಅಗಲಿಸಿ ಮಾರಿದ ಈ ಗೋಡೆಗೆ ಅಂಥ ಹೆಸರು ಬರಲಿಲ್ಲ. ದೆವ್ವದ ಕಥೆ ಕೇಳಿದಾಗಲೆಲ್ಲ ನಾನು ಮೊದಲು ಹುಡುಕುವುದು ಇದನ್ನೇ: ಆ ಊರಿನಲ್ಲಿ ಹೆಚ್ಚು ಅತ್ತವರು ಎಲ್ಲಿ ಅತ್ತರು, ಅಲ್ಲಿ ಕಥೆ ಇದೆಯೋ ಇಲ್ಲವೋ?

ಪ್ರಶ್ನೆ (ಯಾದಗಿರಿಯ ಗೃಹಿಣಿ): ಅಲ್ಲಿ ಹೆಣಗಳನ್ನು ನೆಲದಲ್ಲಿ ಹೂಳಿದರೆ ಮಳೆಗಾಲದಲ್ಲಿ ಪೆಟ್ಟಿಗೆಗಳು ಮೇಲೆದ್ದು ತೇಲುತ್ತಿದ್ದವಂತೆ, ಅದಕ್ಕೇ ಮನೆಯಂತೆ ಗೋರಿ ಕಟ್ಟುತ್ತಾರಂತೆ. ಸತ್ತವರು ತಿರುಗಿ ಬರುತ್ತಾರೆಂಬ ಭಯ ಅದರಿಂದಲೇ ಬಂತೆ?

ಉತ್ತರ: ತಾಯಿ, ಇದರಲ್ಲಿ ಅರ್ಧ ನಿಜವಿದೆ. ನ್ಯೂ ಆರ್ಲಿಯನ್ಸ್ ಮಿಸಿಸಿಪ್ಪಿ ನದಿಯ ಮೆಕ್ಕಲಿನ ಮೇಲೆ ಕುಳಿತ ಊರು. 1718ರಲ್ಲಿ ಫ್ರೆಂಚರು ಕಟ್ಟಿದ ಆ ನಗರದಲ್ಲಿ ಸ್ವಲ್ಪ ಅಗೆದರೂ ನೀರು ಬರುತ್ತದೆ, ನೆರೆ ಬಂದಾಗ ಹೊಸ ಗುಂಡಿಗಳು ಬಾಯಿಬಿಡುತ್ತವೆ. ಆದರೆ ಇಟ್ಟಿಗೆಯ ಗೋರಿಮನೆ ಕಟ್ಟುವ ಪದ್ಧತಿಯನ್ನು ಫ್ರೆಂಚರು ಮತ್ತು ಸ್ಪೇನಿನವರು ತಮ್ಮ ಊರುಗಳಿಂದಲೇ ತಂದಿದ್ದರು. ಒದ್ದೆ ನೆಲ ಅದನ್ನು ಇನ್ನಷ್ಟು ಬೇರೂರಿಸಿತು. 1789ರಲ್ಲಿ ತೆರೆದ ಸೇಂಟ್ ಲೂಯಿ ಒಂದನೇ ನಂಬರಿನ ಸ್ಮಶಾನದಲ್ಲಿ ಸಾಲುಸಾಲಾಗಿ ಸುಣ್ಣದ ಗಿಲಾವು ಮಾಡಿದ ಪುಟ್ಟ ಮನೆಗಳಿವೆ. ಬೇಸಿಗೆಯ ಬಿಸಿಲಿಗೆ ಒಳಗೆ ಒಲೆಯಂತೆ ಕಾಯುವುದರಿಂದ ದೇಹ ಬೇಗ ಕರಗುತ್ತದೆ. ಒಂದು ವರ್ಷ ಒಂದು ದಿನ ಕಳೆಯದೆ ಗೋರಿಯನ್ನು ಮತ್ತೆ ತೆರೆಯಬಾರದೆಂಬುದು ಅಲ್ಲಿನ ರೂಢಿ. ಆಮೇಲೆ ಎಲುಬುಗಳನ್ನು ಕೆಳಗಿನ ಗುಂಡಿಗೆ ಇಳಿಸಿ, ಅದೇ ಕುಟುಂಬದ ಮುಂದಿನವರಿಗೆ ಜಾಗ ಮಾಡುತ್ತಾರೆ. ಹೀಗೆ ಒಂದೇ ಗೋರಿಯಲ್ಲಿ ಅಜ್ಜ, ಮಗ, ಮೊಮ್ಮಗ ಸೇರುತ್ತಾರೆ.

ಭಯದ ಬೇರು ನೀರಿಗಿಂತ ಹೆಚ್ಚಾಗಿ ಹಳದಿ ಜ್ವರದಲ್ಲಿದೆ. 1853ರ ಒಂದೇ ಬೇಸಿಗೆಯಲ್ಲಿ ಆ ಊರಿನಲ್ಲಿ ಸುಮಾರು 8,000 ಜನ ಸತ್ತರು. ಗುಂಡಿ ತೋಡುವವರು ಸಿಗದೆ ಪೆಟ್ಟಿಗೆಗಳು ಬಿಸಿಲಲ್ಲಿ ಸಾಲುಗಟ್ಟಿದವು. ಕೆಟ್ಟ ಗಾಳಿಯೇ ಕಾರಣವೆಂದು ನಂಬಿ ಗಾಳಿ ಶುದ್ಧವಾಗಲೆಂದು ತೋಪು ಹಾರಿಸಿದರು, ಬೀದಿಯಲ್ಲಿ ಡಾಂಬರು ಸುಟ್ಟರು. ಅದು ಸೊಳ್ಳೆಯಿಂದ ಬರುತ್ತದೆಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿ ಹೇಳಿದರೂ ಜಗತ್ತು ಒಪ್ಪಿದ್ದು 1900ರಲ್ಲಿ ಪ್ರಯೋಗದಿಂದ ಸಿದ್ಧವಾದ ಮೇಲೆ. 1905ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಕೊನೆಯ ಸಲ ಕಾಣಿಸಿಕೊಂಡಾಗ ನೀರಿನ ತೊಟ್ಟಿಗಳನ್ನು ಮುಚ್ಚಿಸಿ, ಸೊಳ್ಳೆ ಕೊಂದು ಅದನ್ನು ತಡೆದರು. ನಮ್ಮ ಅಜ್ಜಿ ಪ್ಲೇಗಿನ ಬ್ಯಾನಿಯ ಮಾತು ತೆಗೆದಾಗ, ಊರು ಬಿಟ್ಟು ಹೊಲದ ಗುಡಿಸಲಲ್ಲಿ ಇದ್ದದ್ದನ್ನು ಹೇಳುತ್ತ, ತಿರುಗಿ ಬಂದ ಮೇಲೂ ಕೆಲವು ಮನೆಗಳ ಮುಂದೆ ಸಂಜೆ ಹಾಯಬೇಡಿ ಎಂದು ನಮ್ಮನ್ನು ತಡೆಯುತ್ತಿದ್ದರು. ಇಡೀ ಮನೆಮಂದಿ ಒಂದು ವಾರದೊಳಗೆ ಹೋದ ಮನೆಗೆ ಗಾಳಿ ಇದೆಯೆನ್ನುವುದು ಆ ದುಃಖವನ್ನು ಹೇಳುವ ಒಂದು ರೀತಿ. ನಾನು ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲಾರೆ.

ಪ್ರಶ್ನೆ (ಕಲಬುರಗಿಯ ಓದುಗರು): ಮೇರಿ ಲವೋ ಎಂಬ ಮಂತ್ರವಾದಿಯ ಗೋರಿಯ ಮೇಲೆ ಮೂರು ಗುಣಿಸು ಗುರುತು ಗೀಚಿದರೆ ಬೇಡಿದ್ದು ಸಿಗುತ್ತದೆಯೇ?

ಉತ್ತರ: ಗೀಚಿದವರಿಂದ ಆ ಗೋರಿಗೆ ಸಿಕ್ಕಿದ್ದು ಗಾಯ ಮಾತ್ರ. ಮೇರಿ ಲವೋ 1881ರಲ್ಲಿ ತೀರಿಕೊಂಡ, ಗುಲಾಮಳಲ್ಲದ ಸ್ವತಂತ್ರ ಕಪ್ಪು ಹೆಂಗಸು. ಪಶ್ಚಿಮ ಆಫ್ರಿಕದಿಂದ ಗುಲಾಮರ ಜೊತೆ ಬಂದ ವೂಡೂ ಪಂಥದ ಹಿರಿಯಳಾಗಿದ್ದಂತೆ ಅವಳು ಕ್ಯಾಥೊಲಿಕ್ ಚರ್ಚಿಗೂ ನಡೆದುಕೊಳ್ಳುತ್ತಿದ್ದಳು. ರೋಗಿಗಳ ಆರೈಕೆ ಮಾಡಿದವಳೆಂದೂ ಊರು ಅವಳನ್ನು ನೆನೆಯುತ್ತದೆ. ಗೀಚುವುದು ಆ ಪಂಥದ ಆಚಾರವಲ್ಲ, ಪ್ರವಾಸಿಗರಲ್ಲಿ ಬೆಳೆದ ಚಟ. 2013ರ ಕೊನೆಯಲ್ಲಿ ಯಾರೋ ಇಡೀ ಗೋರಿಗೆ ಗುಲಾಬಿ ಬಣ್ಣ ಬಳಿದರು. ಉಸಿರಾಡದ ಆ ಬಣ್ಣದೊಳಗೆ ತೇವ ನಿಂತು ಹಳೆಯ ಸುಣ್ಣದ ಗಾರೆ ಕೆಡುತ್ತದೆಂದು ಅದನ್ನು ಬಹಳ ಜೋಪಾನವಾಗಿ ತೆಗೆಯಬೇಕಾಯಿತು. ಆ ಗೋರಿ ಇರುವುದು ಮೇಲೆ ಹೇಳಿದ ಸೇಂಟ್ ಲೂಯಿ ಒಂದನೇ ನಂಬರಿನ ಸ್ಮಶಾನದಲ್ಲಿ, 2015ರಿಂದ ಮಾರ್ಗದರ್ಶಕರಿಲ್ಲದೆ ಪ್ರವಾಸಿಗರನ್ನು ಅದರೊಳಗೆ ಬಿಡುವುದಿಲ್ಲ. ನೀವು ಬಂದೇನವಾಜರ ದರ್ಗಾಕ್ಕೋ ಶರಣಬಸವೇಶ್ವರರ ಗುಡಿಗೋ ಹರಕೆ ಹೊತ್ತು ಹೋದಾಗ ಗೋಡೆಗೆ ಮೊಳೆಯಿಂದ ಗೀರುವುದಿಲ್ಲವಲ್ಲ, ಅಲ್ಲಿಯೂ ಅಷ್ಟೇ.

ಪ್ರಶ್ನೆ (ಬಸವಕಲ್ಯಾಣದ ತಾಯಿ): ಈ ವಿಡಿಯೊ ನೋಡಿದಾಗಿನಿಂದ ಒಂಬತ್ತು ವರ್ಷದ ಮಗ ಒಬ್ಬನೇ ಮಲಗುತ್ತಿಲ್ಲ. ಏನು ಮಾಡಲಿ?

ಉತ್ತರ: ಕೆಲವು ದಿನ ಪಕ್ಕದಲ್ಲಿ ಮಲಗಿಸಿಕೊಳ್ಳಿ, ಬೈಯಬೇಡಿ, ನಗಬೇಡಿ. ಆ ಹುಡುಗಿ ಮಾಳಿಗೆಯಿಂದ ಬಿದ್ದದ್ದು ಅವಳನ್ನು ಹೊಡೆಯಲು ಬಂದವರಿದ್ದರು ಎಂಬ ಕಾರಣಕ್ಕೆ, ಅವಳು ಯಾರನ್ನೂ ಹೆದರಿಸುವವಳಲ್ಲ ಎಂದು ಹಗಲಿನಲ್ಲಿ ಸಮಾಧಾನವಾಗಿ ಹೇಳಿ. ಆ ಮಗುವಿನ ಮೇಲೆ ಕನಿಕರ ಹುಟ್ಟಿದರೆ ಅಂಜಿಕೆ ತಾನೇ ಇಳಿಯುತ್ತದೆ.

ಪ್ರಶ್ನೆ (ಬೀದರಿನ ವ್ಯಾಪಾರಿ): ನಮ್ಮ ಅಷ್ಟೂರಿನಲ್ಲಿ ಸೀಳಿದ ಗುಂಬಜ್ ಇದೆ, ಝಾಲಿಂ ಹುಮಾಯೂನನ ಪಾಪಕ್ಕೆ ಸಿಡಿಲು ಬಡಿಯಿತೆನ್ನುತ್ತಾರೆ. ಅಮೆರಿಕದವರಂತೆ ನಾವೂ ಅಲ್ಲಿ ರಾತ್ರಿ ದೆವ್ವದ ಪ್ರವಾಸ ನಡೆಸಿದರೆ ಊರಿಗೆ ನಾಲ್ಕು ಕಾಸು ಬರುವುದಿಲ್ಲವೇ?

ಉತ್ತರ: ಸಾಹುಕಾರರೇ, ಊರಿಗೆ ವ್ಯಾಪಾರ ಬರಲಿ ಎಂಬ ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಅಷ್ಟೂರಿಗೆ ಜನ ಬರಬೇಕೆಂಬುದು ನನ್ನ ಆಸೆಯೂ ಹೌದು. ಆದರೆ ಆ ಗುಂಬಜಿನ ಮುಂದೆ ಒಂದು ಗಳಿಗೆ ನಿಲ್ಲೋಣ.

ಝಾಲಿಂ, ಅಂದರೆ ಕ್ರೂರಿ, ಎನಿಸಿಕೊಂಡ ಬಹಮನಿ ಸುಲ್ತಾನ ಹುಮಾಯೂನ್ ಶಾ ಆಳಿದ್ದು 1458ರಿಂದ 1461ರವರೆಗೆ, ಮೂರೇ ಮೂರು ವರ್ಷ. ಅವನ ಗೋರಿಯ ಗುಮ್ಮಟ ಅರ್ಧ ಕುಸಿದು, ಉಳಿದರ್ಧ ಕತ್ತರಿಸಿದ ಹಣ್ಣಿನಂತೆ ಬಾಯಿಬಿಟ್ಟು ನಿಂತಿದೆ. ಕೆಳಗಿನಿಂದ ನೋಡಿದರೆ ಗೋಡೆ ಎಷ್ಟು ದಪ್ಪ, ಇಟ್ಟಿಗೆಗಳ ನಡುವೆ ಗಾರೆ ಎಷ್ಟು ಕಟ್ಟಿದ್ದಾರೆ ಎಂಬುದೆಲ್ಲ ಕಾಣಿಸುತ್ತದೆ. ಕಟ್ಟಡ ಕಲಿಯುವ ಹುಡುಗರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಬಯಲಿನ ನಡುವೆ ಎತ್ತರವಾಗಿ ನಿಂತ ಗುಮ್ಮಟಕ್ಕೆ ಸಿಡಿಲು ಬಡಿಯಲು ಪಾಪ ಬೇಕಾಗಿಲ್ಲ. ಅವನ ಕ್ರೌರ್ಯದ ಕಥೆಗಳನ್ನು ಹೆಚ್ಚಾಗಿ ಬರೆದದ್ದು ನೂರು ವರ್ಷಕ್ಕೂ ಮೀರಿ ಆಮೇಲೆ ಬಂದ ಇತಿಹಾಸಕಾರ ಫರಿಷ್ತಾ. ಬಹಮನಿಗಳ ಇತಿಹಾಸ ಬರೆದ ಎಚ್.ಕೆ. ಶೇರ್ವಾನಿ ಆ ಕಥೆಗಳಲ್ಲಿ ಅತಿಶಯ ಬಹಳವಿದೆ ಎಂದು ವಾದಿಸಿದರು.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಬಹಮನಿಗಳ ಮಂತ್ರಿ ಮಹಮೂದ್ ಗಾವಾನ ಬೀದರಿನಲ್ಲಿ ಕಟ್ಟಿಸಿದ, 1472ರಲ್ಲಿ ಮುಗಿದ ಮದರಸಾದಲ್ಲಿ 1696ರಲ್ಲಿ ಮದ್ದು ಸಿಡಿದು ಒಂದು ಮಿನಾರು, ಮುಂಭಾಗದ ದೊಡ್ಡ ಪಾಲು ಬಿದ್ದುಹೋಯಿತು. ಅದನ್ನು ಯಾರೂ ಗಾವಾನನ ಪಾಪವೆನ್ನುವುದಿಲ್ಲ, ಏಕೆಂದರೆ ಅವನನ್ನು ನಾವು ಒಳ್ಳೆಯವನೆಂದು ನಂಬಿದ್ದೇವೆ. ಸುಳ್ಳು ಆರೋಪಕ್ಕೆ 1481ರಲ್ಲಿ ತಲೆ ಕೊಟ್ಟವನೆಂದು ಮರುಗುತ್ತೇವೆ. ಒಂದೇ ಊರು, ಎರಡು ಒಡೆದ ಕಟ್ಟಡಗಳು. ಒಂದಕ್ಕೆ ಶಾಪ, ಇನ್ನೊಂದಕ್ಕೆ ಕನಿಕರ. ನ್ಯೂ ಆರ್ಲಿಯನ್ಸ್‌ನವರ ಹಾಗೆ ನಾವೂ ಮನುಷ್ಯರ ಬಗ್ಗೆ ಮೊದಲೇ ಮಾಡಿದ ತೀರ್ಮಾನವನ್ನು ಕಲ್ಲಿನ ಮೇಲೆ ಬರೆದಿದ್ದೇವೆ.

ಅದೇ ಅಷ್ಟೂರಿನ ಸಾಲಿನಲ್ಲಿ ಹುಮಾಯೂನನ ಅಜ್ಜ ಅಹಮದ್ ಶಾ ವಲಿಯ ಗೋರಿಯಿದೆ. ಅವನನ್ನು ಮುಸಲ್ಮಾನರು ವಲಿಯೆಂದೂ ಲಿಂಗಾಯತರು ಅಲ್ಲಮಪ್ರಭುವೆಂದೂ ನಂಬಿ ನಡೆದುಕೊಳ್ಳುತ್ತಾರೆ. ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದ ಜಂಗಮರು ನಡೆದು ಬಂದು ಶಂಖ ಊದಿ ಕಾಯಿ ಒಡೆಯುವುದನ್ನು ನೀವೂ ಕಂಡಿರುತ್ತೀರಿ. ಒಳಗೆ ಗುಮ್ಮಟದ ಒಡಲಿನ ತುಂಬ ಬಂಗಾರ, ಕೆಂಪು, ನೀಲಿ ಬಣ್ಣದ ಚಿತ್ತಾರ. ಕಾವಲಿನವರು ಹೊರಗೆ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿದಾಗ ಆ ಬಣ್ಣಗಳು ಒಂದೊಂದಾಗಿ ಕತ್ತಲಿಂದ ಎದ್ದು ಬರುತ್ತವೆ. ನೋಡಿದವರ ಬಾಯಿಂದ ತಾನಾಗಿ ಒಂದು ಉದ್ಗಾರ ಬರುತ್ತದೆ. ಸಾಹುಕಾರರೇ, ಹಗಲಿನಲ್ಲಿ ಇದನ್ನು ತೋರಿಸಿ, ಸಂಜೆ ಸೀಳಿದ ಗುಂಬಜಿನ ಮುಂದೆ ಝಾಲಿಮನ ಕಥೆಯನ್ನೂ ಅದರ ಮೇಲಿನ ಅನುಮಾನವನ್ನೂ ಎರಡನ್ನೂ ಹೇಳುವ ಒಬ್ಬ ಹುಡುಗನನ್ನು ತಯಾರು ಮಾಡಿ. ಜನ ಬರುತ್ತಾರೆ. ದೆವ್ವದ ಹೆಸರಿನಲ್ಲಿ ರಾತ್ರಿ ಜನ ತುಂಬಿಸಿದರೆ ಮಾತ್ರ, ಆ ಉರುಸಿನ ಊರಿಗೆ ನಾವು ತಪ್ಪು ಮಾಡಿದಂತಾಗುತ್ತದೆ.

ಪ್ರಶ್ನೆ (ಶಹಾಪುರದ ಓದುಗರು): ಮಗಳು ಬರುವ ವರ್ಷ ನ್ಯೂ ಆರ್ಲಿಯನ್ಸ್‌ಗೆ ಹೋಗುವವಳಿದ್ದಾಳೆ. ಏನನ್ನು ತಪ್ಪದೆ ನೋಡಬೇಕೆಂದು ಹೇಳಲಿ?

ಉತ್ತರ: ರಾತ್ರಿಯ ಪ್ರವಾಸಕ್ಕೆ ಹೋಗಬೇಕೆನಿಸಿದರೆ ಹೋಗಲಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಹಗಲಿನಲ್ಲಿ ಚಾರ್ಟ್ರೆಸ್ ಸ್ಟ್ರೀಟಿನ ಆ ಮಾಸಲು ಅಕ್ಷರಗಳನ್ನು ಹುಡುಕಲಿ. ಒಂದು ದಿನ ಬಿಡುವು ಮಾಡಿಕೊಂಡು ನದಿಯಗುಂಟ ಮೇಲಕ್ಕೆ ಹೋಗಿ ವಿಟ್ನಿ ಪ್ಲಾಂಟೇಷನ್ ನೋಡಲಿ. ಅದು ಹಿಂದೆ ಕಬ್ಬು ಬೆಳೆಯುತ್ತಿದ್ದ ತೋಟ. 2014ರಿಂದ ಅಲ್ಲಿ ಒಡೆಯರ ಬಂಗಲೆಯ ವೈಭವಕ್ಕಿಂತ ದುಡಿದ ಗುಲಾಮರ ಬದುಕನ್ನು ಮುಂದಿಟ್ಟು ತೋರಿಸುತ್ತಾರೆ. ಇತಿಹಾಸಕಾರ್ತಿ ಗ್ವೆಂಡೊಲಿನ್ ಮಿಡ್ಲೊ ಹಾಲ್ ವರ್ಷಗಟ್ಟಲೆ ಹಳೆಯ ಖರೀದಿಪತ್ರ, ದಸ್ತಾವೇಜುಗಳನ್ನು ತೆರೆದು ಲೂಸಿಯಾನದ ಒಂದು ಲಕ್ಷಕ್ಕೂ ಹೆಚ್ಚು ಗುಲಾಮರ ವಿವರ ಕಲೆಹಾಕಿದರು. ಆ ಹೆಸರುಗಳನ್ನು ಅಲ್ಲಿ ಕಪ್ಪು ಕಲ್ಲಿನ ಹಲಗೆಗಳ ಮೇಲೆ ಕೆತ್ತಿದ್ದಾರೆ. ಬಹಳ ಜನರಿಗೆ ಒಂದೇ ಹೆಸರು, ಅಡ್ಡಹೆಸರಿಲ್ಲ. ನಿಮ್ಮ ಮಗಳು ಹತ್ತು ಹೆಸರನ್ನಾದರೂ ಬಾಯಿಬಿಟ್ಟು ಓದಿ ಬರಲಿ, ಬಂದ ಮೇಲೆ ನನಗೊಂದು ಪತ್ರ ಬರೆಯಲಿ.